ಸ್ವಿಚ್ ಎಂಬ ಗೇಮ್ ಯಂತ್ರ ಕೊಳ್ಳುವ ಮೊದಲು ಒಂದು ಹಾಳೆ ಲೆಕ್ಕ: ಮಲೆನಾಡಿನ ಮನೆಗಳಿಗೆ

ಅಡಿಕೆ ಕೊಯ್ಲು ಮುಗಿದು ಮಂಡಿಯಿಂದ ದುಡ್ಡು ಕೈಗೆ ಬಂದ ವಾರ ತೀರ್ಥಹಳ್ಳಿ ಹತ್ತಿರದ ಅಕ್ಕನ ಮನೆಯಿಂದ ಫೋನ್ ಬಂತು. "ನಿನ್ನ ಅಳಿಯ ಅದೆಂತದೋ ಸ್ವಿಚ್ ಬೇಕು ಅಂತ ಹಟ ಹಿಡಿದು ಕೂತಿದ್ದಾನೆ ಕಣೋ. ಒಬ್ಬರು ಇಪ್ಪತ್ತು ಸಾವಿರ ಅಂತಾರೆ, ಇನ್ನೊಬ್ಬರು ಐವತ್ತು ಅಂತಾರೆ. ಒಂದೇ ಹೆಸರಿನ ಸಾಮಾನಿಗೆ ಇಷ್ಟು ವ್ಯತ್ಯಾಸ ಎಂತಕ್ಕೆ?"

ಅಕ್ಕ ಕೇಳಿದ್ದು ನ್ಯಾಯವಾದ ಪ್ರಶ್ನೆ. ಮುಂದಿನ ಭಾನುವಾರ ಹೋಗಿ ಜಗಲಿಯಲ್ಲಿ ಕೂತು, ಮಂಡಿ ಚೀಟಿಯ ಹಿಂಬದಿಯಲ್ಲಿ ಎಲ್ಲವನ್ನೂ ಬರೆದು ಕೂಡಿಸಿ ಕಳೆದು ನೋಡಿದೆವು. ಭಾವ, ಅಕ್ಕ, ಇಬ್ಬರು ಮಕ್ಕಳು ಸುತ್ತ ಕೂತಿದ್ದರು. ಶಿವಮೊಗ್ಗ, ಸಾಗರ, ಹೊಸನಗರ, ಕೊಪ್ಪದ ಕಡೆ ಇದೇ ಯೋಚನೆಯಲ್ಲಿರುವ ಮನೆಗಳಿಗೆ ಉಪಯೋಗವಾಗಲಿ ಎಂದು ಆ ಲೆಕ್ಕವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಡಬ್ಬಿಯ ಮೇಲಿನ ಬೆಲೆ ಒಟ್ಟು ಖರ್ಚಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಉಳಿದದ್ದನ್ನು ನಿರ್ಧರಿಸುವುದು ನಿಮ್ಮ ಮನೆಯ ಟಿವಿ, ಕರೆಂಟು, ನೆಟ್‌ವರ್ಕ್ ಮತ್ತು ಆಟ ಬದಲಾಯಿಸಿಕೊಳ್ಳಲು ಸಿಗುವ ಗೆಳೆಯರು.

ಗೊತ್ತಿಲ್ಲದವರಿಗೆ ಎರಡು ಮಾತು. ನಿಂಟೆಂಡೊ ಸ್ವಿಚ್ ಜಪಾನಿನ ಕಂಪನಿಯ ಗೇಮ್ ಯಂತ್ರ. ಕೈಯಲ್ಲಿ ಹಿಡಿದು ಆಡಬಹುದು. ಡಾಕ್ ಎಂಬ ಗೂಡಿನಲ್ಲಿ ನಿಲ್ಲಿಸಿದರೆ ಅದೇ ಆಟ, ಬಿಟ್ಟಲ್ಲಿಂದಲೇ, ಟಿವಿಯಲ್ಲಿ ಮುಂದುವರಿಯುತ್ತದೆ. ಮೊದಲನೆಯದು 2017ರ ಮಾರ್ಚ್ 3ರಂದು ಮಾರುಕಟ್ಟೆಗೆ ಬಂತು. ಅಲ್ಲಿಂದೀಚೆಗೆ ಈ ಕುಟುಂಬದ ಯಂತ್ರಗಳು 15 ಕೋಟಿಗೂ ಹೆಚ್ಚು ಮಾರಾಟವಾಗಿವೆ. ಸೆಕೆಂಡ್ ಹ್ಯಾಂಡ್ ಯಂತ್ರಗಳೂ ಆಟಗಳೂ ಧಾರಾಳವಾಗಿ ಸಿಗುವುದು ಇದರಿಂದಲೇ.

ಮೊದಲ ಕೆಲಸ: ಸಂಜೆ ಏಳು ಗಂಟೆಗೆ ಟಿವಿ ಯಾರ ಕೈಯಲ್ಲಿದೆ?

ಮಾಡೆಲ್ ಹುಡುಕುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ. ಅಕ್ಕನ ಮನೆಯಲ್ಲಿ ಟಿವಿ ಇರುವುದು ಒಂದೇ, ಅದೂ ನಡುಮನೆಯಲ್ಲಿ. ಸಂಜೆ ಏಳರಿಂದ ಒಂಬತ್ತೂವರೆವರೆಗೆ ಅದು ಅಜ್ಜಿಯ ಧಾರಾವಾಹಿಗಳಿಗೆ ಮೀಸಲು. ಮಕ್ಕಳು ಶಾಲೆಯಿಂದ ಬಂದು, ಹೋಂವರ್ಕ್ ಮುಗಿಸಿ, ಆಡಲು ಬಿಡುವಾಗುವುದೂ ಅದೇ ಹೊತ್ತಿಗೆ. ಟಿವಿಗೆ ಕಟ್ಟಿಹಾಕಿದ ಯಂತ್ರ ತಂದರೆ ಆ ಮನೆಯಲ್ಲಿ ಅದು ಭಾನುವಾರಕ್ಕೆ ಮಾತ್ರ. ಕೈಯಲ್ಲೂ ಆಡಬಹುದಾದ ಯಂತ್ರವಾದರೆ ಅಜ್ಜಿ ನಡುಮನೆಯಲ್ಲಿ, ಮಕ್ಕಳು ಜಗಲಿಯಲ್ಲಿ. ಎರಡೂ ರೀತಿ ಆಡಬಹುದು ಎನ್ನುವುದಕ್ಕೆ ನಾವು ಕೊಡುವ ಹೆಚ್ಚಿನ ಬೆಲೆ ಸಾರ್ಥಕವಾಗುವುದು ಇಂಥ ಮನೆಯಲ್ಲಿ.

ಈಗ ಮಾಡೆಲ್‌ಗಳಿಗೆ ಬನ್ನಿ. ಹಳೆಯ ಪೀಳಿಗೆಯಲ್ಲಿ ಮೂರಿವೆ. 2017ರ ಮಾಮೂಲಿ ಸ್ವಿಚ್‌ಗೆ 6.2 ಇಂಚಿನ ಪರದೆ. 2019ರ ಸ್ವಿಚ್ ಲೈಟ್‌ಗೆ 5.5 ಇಂಚು, ಇದನ್ನು ಕೈಯಲ್ಲಷ್ಟೇ ಆಡಬೇಕು, ಟಿವಿಗೆ ಜೋಡಿಸಲು ಆಗುವುದೇ ಇಲ್ಲ. 2021ರ ಓಎಲ್ಇಡಿ ಮಾಡೆಲ್‌ಗೆ 7 ಇಂಚಿನ ಒಳ್ಳೆಯ ಪರದೆ, 64 ಜಿಬಿ ಜಾಗ. ಹೊಸ ಪೀಳಿಗೆಯ ಸ್ವಿಚ್ 2 ಬಂದದ್ದು 2025ರ ಜೂನ್ 5ಕ್ಕೆ. ಅದಕ್ಕೆ 7.9 ಇಂಚು, 256 ಜಿಬಿ. ಟಿವಿಯಲ್ಲಿ 4ಕೆ ತನಕ ತೋರಿಸುವ ಶಕ್ತಿ. ಹಳೆಯ ಸ್ವಿಚ್‌ನ ಬಹುಪಾಲು ಆಟಗಳನ್ನೂ ಅದು ಆಡಿಸುತ್ತದೆ.

ಲೈಟ್ ವಿಷಯದಲ್ಲಿ ಎಚ್ಚರ ಇರಲಿ. ಇಪ್ಪತ್ತು ಸಾವಿರ ಎಂದು ಅಕ್ಕನಿಗೆ ಯಾರೋ ಹೇಳಿದ್ದು ಇದರ ಬೆಲೆಯನ್ನೇ. ಒಬ್ಬನೇ ಮಗ, ಹಾಸ್ಟೆಲ್ಲಿನಲ್ಲಿ ಇರುವವನು, ಟಿವಿಯ ಸಹವಾಸವೇ ಬೇಡ ಎನ್ನುವವನಾದರೆ ಅದು ಒಳ್ಳೆಯ ಯಂತ್ರ. ಇಬ್ಬರು ಮಕ್ಕಳಿರುವ ಮನೆಗೆ ಬೇಡ. ಬೇರೆ ಮಾಡೆಲ್‌ಗಳಲ್ಲಿ ಎರಡು ಬದಿಯ ಜಾಯ್-ಕಾನ್ ಕಂಟ್ರೋಲರ್‌ಗಳನ್ನು ಕಳಚಿ ಒಬ್ಬೊಬ್ಬರಿಗೆ ಒಂದೊಂದು ಕೊಡಬಹುದು, ಬೇರೇನನ್ನೂ ಕೊಳ್ಳದೆ ಇಬ್ಬರು ಆಡಬಹುದು. ಲೈಟ್‌ನಲ್ಲಿ ಅವು ಯಂತ್ರಕ್ಕೇ ಅಂಟಿಕೊಂಡಿವೆ. ಅಗ್ಗವೆಂದು ತಂದ ಮೇಲೆ ಅಣ್ಣ ತಂಗಿ ಕಿತ್ತಾಡುವುದು, ಆಮೇಲೆ ಇನ್ನೊಂದು ತರುವುದು, ಅಲ್ಲಿಗೆ ಓಎಲ್ಇಡಿಯ ದುಡ್ಡು ದಾಟಿರುತ್ತದೆ.

ಎರಡನೆಯದು: ಅಂಗಡಿಯವನು ಹೇಳುವ ಬೆಲೆಯ ಬುಡ ಹುಡುಕಿ

ಭಾರತದಲ್ಲಿ ಸ್ವಿಚ್‌ಗೆ ಅಧಿಕೃತ ಮಾರಾಟ ಇಲ್ಲ. ಹಾಗಾಗಿ ಎಂಆರ್‌ಪಿ ಎಂಬುದೇ ಇಲ್ಲ. ದುಬೈ, ಹಾಂಕಾಂಗ್, ಜಪಾನ್, ಅಮೆರಿಕದಿಂದ ಯಾರೋ ತರಿಸುತ್ತಾರೆ; ತಂದ ಖರ್ಚು, ಸುಂಕ, ಲಾಭ ಎಲ್ಲ ಸೇರಿಸಿ ಅವರವರೇ ಬೆಲೆ ಕಟ್ಟುತ್ತಾರೆ. ಹಬ್ಬದ ಹೊತ್ತಿಗೆ ಒಂದು ದರ, ಸ್ಟಾಕ್ ಹೆಚ್ಚಾದಾಗ ಇನ್ನೊಂದು. ಇಂಥ ಮಾರುಕಟ್ಟೆಯಲ್ಲಿ ನಿಮಗೊಂದು ಅಳತೆಗೋಲು ಬೇಕು, ಅಮೆರಿಕದ ಪಟ್ಟಿ ಬೆಲೆಯನ್ನೇ ಅಳತೆಗೋಲು ಮಾಡಿಕೊಳ್ಳಿ.

ಮಾಮೂಲಿ ಸ್ವಿಚ್ 2017ರಲ್ಲಿ 299.99 ಡಾಲರಿಗೆ ಬಂತು, ಲೈಟ್ 199.99ಕ್ಕೆ, ಓಎಲ್ಇಡಿ 349.99ಕ್ಕೆ, ಸ್ವಿಚ್ 2 449.99ಕ್ಕೆ. ವರ್ಷ ಕಳೆದಂತೆ ಎಲೆಕ್ಟ್ರಾನಿಕ್ ಸಾಮಾನಿನ ಬೆಲೆ ಇಳಿಯುತ್ತದೆ ಎಂಬುದು ನಮ್ಮ ಅನುಭವ. ಇಲ್ಲಿ ಹಾಗಾಗಲಿಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಹಳೆಯ ಮೂರೂ ಮಾಡೆಲ್‌ಗಳ ಬೆಲೆ ಏರಿತು: ಮಾಮೂಲಿಯದು 339.99, ಲೈಟ್ 229.99, ಓಎಲ್ಇಡಿ 399.99. ಎಂಟು ವರ್ಷ ಹಳೆಯ ಯಂತ್ರಕ್ಕೆ ಬಿಡುಗಡೆಯ ದಿನಕ್ಕಿಂತ ಹೆಚ್ಚು ಬೆಲೆ! ಆದ್ದರಿಂದ "ಇನ್ನೊಂದು ವರ್ಷ ಕಾಯೋಣ, ಇಳಿಯುತ್ತದೆ" ಎಂಬ ಲೆಕ್ಕವನ್ನು ಈ ವಸ್ತುವಿನ ಮಟ್ಟಿಗೆ ಬಿಟ್ಟುಬಿಡಿ.

ಡಾಲರನ್ನು ಆ ದಿನದ ದರದಿಂದ ಗುಣಿಸಿ. ನಾನಿಲ್ಲಿ ಸುಲಭವಾಗಲಿ ಎಂದು 90 ರೂಪಾಯಿ ಹಿಡಿದಿದ್ದೇನೆ. ಲೈಟ್ 20,700, ಓಎಲ್ಇಡಿ 36,000, ಸ್ವಿಚ್ 2 40,500 ಆಗುತ್ತದೆ. ಅಮೆರಿಕದ ಪಟ್ಟಿ ಬೆಲೆಯಲ್ಲಿ ಅಲ್ಲಿನ ಮಾರಾಟ ತೆರಿಗೆ ಸೇರಿರುವುದಿಲ್ಲ ಎನ್ನುವುದನ್ನೂ ನೆನಪಿಡಿ. ಶಿವಮೊಗ್ಗದ ನೆಹರು ರಸ್ತೆಯಲ್ಲೋ ದುರ್ಗಿಗುಡಿಯಲ್ಲೋ ಆರ್ಡರ್ ಮೇಲೆ ತರಿಸಿಕೊಡುವವರು ಸಿಗಬಹುದು. ಬೆಂಗಳೂರಿನ ಮೆಜೆಸ್ಟಿಕ್ ಪಕ್ಕದ ನ್ಯಾಷನಲ್ ಮಾರ್ಕೆಟ್‌ಗೆ ಹೋಗಿಯೂ ವಿಚಾರಿಸಬಹುದು. ಎಲ್ಲೇ ಕೇಳಿದರೂ ಹೇಳಿದ ಬೆಲೆಯನ್ನು ಈ ಅಂಕಿಯ ಪಕ್ಕ ಬರೆದುಕೊಳ್ಳಿ. ಸುಂಕ, ಸಾಗಣೆ, ಲಾಭಕ್ಕೆಂದು ಸ್ವಲ್ಪ ಹೆಚ್ಚು ಕೇಳಿದರೆ ತಪ್ಪಲ್ಲ. ಪಟ್ಟಿ ಬೆಲೆಗಿಂತ ತುಂಬ ಕಡಿಮೆ ಹೇಳಿದರೇ ಎಚ್ಚರವಾಗಬೇಕು.

ಏಕೆಂದರೆ ಜಪಾನಿನಲ್ಲಿ ಸ್ವಿಚ್ 2 ಎರಡು ಬಗೆಯಲ್ಲಿ ಸಿಗುತ್ತದೆ. ಅಲ್ಲಿನವರಿಗೆಂದೇ ಮಾಡಿದ್ದು 49,980 ಯೆನ್‌ಗೆ ಬಂತು, ಎಲ್ಲ ಭಾಷೆಯದ್ದು 69,980 ಯೆನ್‌ಗೆ. ಅಗ್ಗದ್ದರಲ್ಲಿ ಜಪಾನಿ ಭಾಷೆ ಬಿಟ್ಟರೆ ಬೇರೆ ಇಲ್ಲ, ಜಪಾನಿನ ಖಾತೆ ಬಿಟ್ಟರೆ ಬೇರೆ ಖಾತೆ ಜೋಡಿಸಲು ಬರುವುದಿಲ್ಲ. ಕಡಿಮೆಗೆ ಸಿಕ್ಕಿತೆಂದು ಅದನ್ನು ತಂದರೆ ಮಕ್ಕಳು ಮೆನುವಿನಲ್ಲೇ ಸಿಕ್ಕಿಕೊಳ್ಳುತ್ತಾರೆ. ಅಂಗಡಿಯಲ್ಲೇ ಯಂತ್ರ ಹಾಕಿಸಿ ಭಾಷೆಗಳ ಪಟ್ಟಿ ತೆರೆಸಿ, ಇಂಗ್ಲಿಷ್ ಇದೆಯೇ ನೋಡಿ. ಹಳೆಯ ಪೀಳಿಗೆಯ ಸ್ವಿಚ್‌ಗೆ ಈ ತೊಂದರೆ ಇಲ್ಲ. ಜಪಾನಿನಿಂದ ಬಂದದ್ದರಲ್ಲೂ ಇಂಗ್ಲಿಷ್ ಇರುತ್ತದೆ.

ವಿದೇಶದಲ್ಲಿರುವ ನೆಂಟರು ಬರುವಾಗ ತರಿಸುವುದು ನಮ್ಮ ಕಡೆ ಎಲ್ಲರಿಗೂ ಹೊಳೆಯುವ ದಾರಿ, ಒಳ್ಳೆಯ ದಾರಿಯೂ ಹೌದು. ಪ್ರಯಾಣಿಕರು ಸುಂಕವಿಲ್ಲದೆ ತರಬಹುದಾದ ಸಾಮಾನಿನ ಮೌಲ್ಯಕ್ಕೆ ಒಂದು ಮಿತಿ ಇರುತ್ತದೆ. ಅವರ ಉಳಿದ ಸಾಮಾನೂ ಅದೇ ಮಿತಿಯೊಳಗೆ ಬರಬೇಕಾದ್ದರಿಂದ ಮೊದಲೇ ಕೇಳಿ ತರಿಸಿ, ಬಿಲ್ಲು ಜೊತೆಗಿರಲಿ. ಅಡಾಪ್ಟರ್ 100ರಿಂದ 240 ವೋಲ್ಟ್ ತನಕ ನಡೆಯುತ್ತದೆ. ಅಮೆರಿಕದ ಪಿನ್ನಿಗೆ ಒಂದು ಪರಿವರ್ತಕ ಸಾಕು, ಟ್ರಾನ್ಸ್‌ಫಾರ್ಮರ್ ಬೇಡ.

ಮೂರನೆಯದು: ಹಾಳೆಯ ಮೇಲೆ ಪೂರ್ತಿ ಖರ್ಚು ಬರೆಯಿರಿ

ಅಕ್ಕನ ಮನೆಗೆ ಬರೆದದ್ದು ಹೀಗೆ. ಓಎಲ್ಇಡಿ ಹೊಸದು 36,000. ಒಂದು ವರ್ಷಕ್ಕೆ ಮೂರು ಹೊಸ ಆಟ; ಒಂದೊಂದು 59.99 ಡಾಲರ್ ಅಂದರೆ 5,400ರಂತೆ 16,200. ಮೆಮೊರಿ ಕಾರ್ಡಿಗೆ 1,500. ನಾಲ್ಕು ಜನ ಆಡಬೇಕಾದಾಗ ಇನ್ನೊಂದು ಜೊತೆ ಕಂಟ್ರೋಲರ್, ಅದಕ್ಕೆ 6,000 ಹಿಡಿದೆವು. ಕೂಡಿದರೆ 59,700. ಯಂತ್ರಕ್ಕೆ ಹೋಗಿದ್ದು ನೂರಕ್ಕೆ ಅರವತ್ತು.

ಸ್ವಿಚ್ 2ಕ್ಕೆ: ಯಂತ್ರ 40,500. ಆಟಗಳು ಇಲ್ಲಿ ದುಬಾರಿ. ಯಂತ್ರ ಬಿಡುಗಡೆಯಾದ ದಿನವೇ ಬಂದ ಕಾರ್ ರೇಸಿನ ಆಟ 79.99 ಡಾಲರ್, ಮಾಮೂಲಿ ದೊಡ್ಡ ಆಟ 69.99. ಹಾಗಾಗಿ ಮೂರಕ್ಕೆ 7,200, 6,300, 6,300 ಸೇರಿ 19,800. ಕಂಟ್ರೋಲರ್‌ಗೆ 7,500 ಇಟ್ಟೆವು. ಒಟ್ಟು 67,800. ಮೆಮೊರಿ ಕಾರ್ಡ್ ಆರಂಭದಲ್ಲಿ ಬೇಡ, 256 ಜಿಬಿ ಇದೆ. ಮುಂದೆ ಬೇಕಾದಾಗ ಮೊಬೈಲಿಗೆ ಹಾಕುವ ಮಾಮೂಲಿ ಕಾರ್ಡ್ ಆಗುವುದಿಲ್ಲ. ಮೈಕ್ರೋಎಸ್‌ಡಿ ಎಕ್ಸ್‌ಪ್ರೆಸ್ ಎಂಬ ಬೇರೆ ಜಾತಿಯದೇ ಬೇಕು, ಅದು ಮಾಮೂಲಿಗಿಂತ ಬಹಳ ದುಬಾರಿ. ಮನೆಯಲ್ಲಿರುವ ಹಳೆಯ ಕಾರ್ಡ್ ಸಾಕೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಎರಡು ಮೊತ್ತಕ್ಕೂ ಇರುವ ಅಂತರ 8,100. ಭಾವ ಆಗ ಕೇಳಿದರು: "ಇಷ್ಟೇ ವ್ಯತ್ಯಾಸ ಅಂದ್ರೆ ಹೊಸದನ್ನೇ ತಗೊಳ್ಳೋದಲ್ವಾ?" ಹೊಸ ಓಎಲ್ಇಡಿಗೆ ಹೋಲಿಸಿದರೆ ಅವರ ಮಾತು ನಿಜ. ನನ್ನ ತೀರ್ಮಾನ ಹೀಗಿದೆ: ಅಂಗಡಿಯಲ್ಲಿ ಹೊಸ ಓಎಲ್ಇಡಿಗೂ ಸ್ವಿಚ್ 2ಕ್ಕೂ ಯಂತ್ರದ ಬೆಲೆಯ ಅಂತರ 10,000ಕ್ಕಿಂತ ಕಡಿಮೆ ಇದ್ದರೆ ಸ್ವಿಚ್ 2 ತನ್ನಿ, ಅದಕ್ಕಿಂತ ಹೆಚ್ಚಾದರೆ ಓಎಲ್ಇಡಿ. ಬಜೆಟ್ 30,000ದ ಒಳಗೇ ಇರಬೇಕೆಂದರೆ ಹೊಸದನ್ನು ಮರೆತು, ಬಿಲ್ಲಿರುವ ಒಳ್ಳೆಯ ಸೆಕೆಂಡ್ ಹ್ಯಾಂಡ್ ಓಎಲ್ಇಡಿಯನ್ನೋ 2019ರ ನಂತರದ ಮಾಮೂಲಿ ಸ್ವಿಚ್ಚನ್ನೋ ಹುಡುಕಿ. ಹಳೆಯ ಪೀಳಿಗೆಯ ಆಟಗಳ ರಾಶಿ ಎಷ್ಟು ದೊಡ್ಡದೆಂದರೆ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಸುವ ತನಕ ಆಡಿದರೂ ಮುಗಿಯುವುದಿಲ್ಲ.

ಇನ್ನು ಬೆಲೆಯನ್ನು ಗಂಟೆಗೆ ಇಳಿಸಿ ನೋಡಿ. ಮನೆಯವರೆಲ್ಲ ಸೇರಿ ವಾರಕ್ಕೆ ನಾಲ್ಕು ಗಂಟೆ ಆಡಿದರೆ ವರ್ಷಕ್ಕೆ ಸುಮಾರು 200, ನಾಲ್ಕು ವರ್ಷಕ್ಕೆ 800 ಗಂಟೆ. 60,000 ಹಾಕಿ, ಕೊನೆಗೆ ಮಾರಿದಾಗ 20,000 ಮರಳಿತೆಂದುಕೊಂಡರೆ ಗಂಟೆಗೆ 50 ರೂಪಾಯಿ. ಅದೇ ಯಂತ್ರ ದಸರಾ ರಜೆಯಲ್ಲಿ 40 ಗಂಟೆ ಆಡಿಸಿ ಬೀರು ಸೇರಿದರೆ ಗಂಟೆಗೆ 1,000. ನಿಮ್ಮ ಮಕ್ಕಳು ಯಾವ ಥರದವರು ಎನ್ನುವುದು ನಿಮಗೇ ಗೊತ್ತು. ಅನುಮಾನವಿದ್ದರೆ ಸ್ವಿಚ್ ಇರುವ ನೆಂಟರ ಮನೆಯಲ್ಲಿ ಒಂದು ವಾರಾಂತ್ಯ ಆಡಲು ಬಿಟ್ಟು ನೋಡಿ.

ಆನ್‌ಲೈನ್ ಚಂದಾ ಬಗ್ಗೆ ಎಲ್ಲರೂ ಗಾಬರಿಯಾಗುತ್ತಾರೆ. ಅಗತ್ಯವಿಲ್ಲ. ಬೇರೆ ಊರಿನವರ ಜೊತೆ ಇಂಟರ್ನೆಟ್‌ನಲ್ಲಿ ಆಡಲು ಮತ್ತು ಆಟದ ಪ್ರಗತಿಯನ್ನು ಕ್ಲೌಡ್‌ನಲ್ಲಿ, ಅಂದರೆ ಕಂಪನಿಯ ಕಂಪ್ಯೂಟರಿನಲ್ಲಿ, ಇಡಲು ಮುಖ್ಯವಾಗಿ ಅದು ಬೇಕು. ವರ್ಷಕ್ಕೆ ಒಬ್ಬರಿಗೆ 19.99 ಡಾಲರ್, ಎಂಟು ಖಾತೆಯ ಕುಟುಂಬ ಚಂದಾ 34.99. ಮನೆಯೊಳಗೇ ಆಡುವವರಿಗೆ ಸೊನ್ನೆ.

ನಾಲ್ಕನೆಯದು: ಗೇಮ್ ಕಾರ್ಡೇ ಕೊಳ್ಳಿ

ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಸ್ವಿಚ್ ಆಟಗಳು ಎರಡು ರೂಪದಲ್ಲಿ ಸಿಗುತ್ತವೆ, ಡೌನ್‌ಲೋಡ್ ಆಗಿ ಅಥವಾ ಕೈಗೆ ಸಿಗುವ ಪುಟ್ಟ ಕಾರ್ಡಾಗಿ. ಮಲೆನಾಡಿನ ಮನೆಗೆ ಕಾರ್ಡೇ ಸರಿ.

ಭಾರತಕ್ಕೆಂದು ನಿಂಟೆಂಡೊದ ಆನ್‌ಲೈನ್ ಅಂಗಡಿ ಇಲ್ಲ. ಡೌನ್‌ಲೋಡ್ ಕೊಳ್ಳಬೇಕಾದರೆ ಬೇರೆ ದೇಶದ ಖಾತೆ ಮಾಡಿ, ಅದೇ ದೇಶದ ಗಿಫ್ಟ್ ಕಾರ್ಡ್ ಹುಡುಕಿ ಕೊಳ್ಳಬೇಕು. ಅದು ಹೇಗೋ ಆಯಿತೆನ್ನಿ, ಮುಂದೆ ಹತ್ತಿಪ್ಪತ್ತು ಜಿಬಿ ಇಳಿಯಬೇಕು. ಮಳೆಗಾಲದಲ್ಲಿ ಟವರ್ ನಿಂತು, ಫೈಬರ್ ಮೇಲೆ ಮರ ಬಿದ್ದು, ಮೂರು ದಿನ ನೆಟ್ ಇಲ್ಲದ ಊರಿನಲ್ಲಿ ಇದು ಮಕ್ಕಳ ಸಹನೆಯ ಪರೀಕ್ಷೆ. ಕಾರ್ಡ್ ಆದರೆ ತೂರಿಸಿ, ಆಡಿ. ಸಾಮಾನ್ಯವಾಗಿ ಯಾವ ದೇಶದಲ್ಲಿ ಕೊಂಡ ಕಾರ್ಡಾದರೂ ಹಳೆಯ ಸ್ವಿಚ್‌ನಲ್ಲಿ ನಡೆಯುತ್ತದೆ. ಆದರೆ ಆಟದ ಒಳಗಿನ ಭಾಷೆ ಯಾವುದೆಂದು ಡಬ್ಬಿಯ ಹಿಂದೆ ನೋಡಿಕೊಳ್ಳಿ.

ಇನ್ನೊಂದು ದೊಡ್ಡ ಲಾಭ ಮರುಮಾರಾಟದ್ದು. ನಿಂಟೆಂಡೊ ತನ್ನ ಸ್ವಂತ ಆಟಗಳ ಬೆಲೆ ಇಳಿಸುವುದು ಅಪರೂಪ. 2017ರ ಏಪ್ರಿಲ್‌ನಲ್ಲಿ ಬಂದ ಮಾರಿಯೋ ಕಾರ್ಟ್ 8 ಡಿಲಕ್ಸ್ ಎಷ್ಟೋ ವರ್ಷಗಳ ನಂತರವೂ ಅದೇ 59.99 ಡಾಲರಿಗೆ ಮಾರಾಟವಾಗುತ್ತಿತ್ತು. ಕೊಳ್ಳುವಾಗ ಇದು ಕಷ್ಟ, ಮಾರುವಾಗ ಇದೇ ಆಧಾರ. 5,400ಕ್ಕೆ ಕೊಂಡ ಕಾರ್ಡನ್ನು ಆರು ತಿಂಗಳು ಆಡಿ 3,500ಕ್ಕೆ ಕೊಟ್ಟರೆ ಆಟದ ನಿಜವಾದ ಖರ್ಚು 1,900. ಡೌನ್‌ಲೋಡ್ ಆದರೆ 5,400 ಹೋದದ್ದು ಹೋಯಿತು. ಅಕ್ಕನ ಊರಿನ ಮೂರು ಮನೆ ಮಕ್ಕಳು ಈಗ ತಲಾ ಎರಡು ಕಾರ್ಡ್ ಕೊಂಡು ತಿಂಗಳಿಗೊಮ್ಮೆ ಬದಲಾಯಿಸಿಕೊಳ್ಳುತ್ತಿದ್ದಾರೆ; ಒಬ್ಬೊಬ್ಬರಿಗೂ ಆರು ಆಟ ಆಡಲು ಸಿಗುತ್ತಿದೆ. ಕಾರ್ಡ್ ಕೊಟ್ಟರೂ ನೀವು ಆಡಿದ ಪ್ರಗತಿ ಎಲ್ಲೂ ಹೋಗುವುದಿಲ್ಲ. ಅದು ಉಳಿಯುವುದು ಯಂತ್ರದ ಒಳಗೆ.

ಸ್ವಿಚ್ 2 ಕೊಳ್ಳುವವರಿಗೆ ಇಲ್ಲೊಂದು ಸೂಕ್ಷ್ಮವಿದೆ. ಅದರ ಕೆಲವು ಆಟಗಳು ಗೇಮ್-ಕೀ ಕಾರ್ಡ್ ಎಂಬ ರೂಪದಲ್ಲಿ ಬರುತ್ತವೆ. ಕಾರ್ಡಿನೊಳಗೆ ಆಟ ಇರುವುದಿಲ್ಲ, ಅದನ್ನು ಡೌನ್‌ಲೋಡ್ ಮಾಡಿಕೊಳ್ಳುವ ಹಕ್ಕು ಮಾತ್ರ ಇರುತ್ತದೆ. ಆಡುವಾಗಲೂ ಕಾರ್ಡ್ ಒಳಗೇ ಇರಬೇಕು. ಮಾರಬಹುದು, ಎರವಲು ಕೊಡಬಹುದು, ಆದರೆ ನಮ್ಮ ನೆಟ್‌ವರ್ಕ್ ಕಷ್ಟ ತಪ್ಪುವುದಿಲ್ಲ. ಡಬ್ಬಿಯ ಮುಂಭಾಗದ ಕೆಳಗೆ ಬೀಗದಕೈ ಚಿತ್ರವಿರುವ ಪಟ್ಟಿ ಕಂಡರೆ ಅದು ಈ ಬಗೆಯದು. ಹಾಗೆಯೇ ಸ್ವಿಚ್ 2ರಲ್ಲಿ ಹಳೆಯ ಸ್ವಿಚ್ ಆಟ ಆಡಲು ಮೊದಲ ಸಲ ಇಂಟರ್ನೆಟ್‌ನಿಂದ ಅಪ್‌ಡೇಟ್ ಬೇಕಾಗುತ್ತದೆ. ಅಂಗಡಿಯಲ್ಲೋ ಪೇಟೆಯ ನೆಂಟರ ಮನೆಯ ವೈಫೈನಲ್ಲೋ ಅದನ್ನು ಮುಗಿಸಿಕೊಂಡೇ ಘಾಟಿ ಹತ್ತಿ.

ಕಾರ್ಡ್ ಎಷ್ಟು ಚಿಕ್ಕದೆಂದರೆ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಅಕ್ಕನ ಮಗಳು ಮೊದಲ ದಿನವೇ ಒಂದನ್ನು ಬಾಯಿಗೆ ಹಾಕಿ, ಮುಖ ಕಿವುಚಿ ಉಗಿದಳು. ಬಳಿಕ ಎರಡು ಲೋಟ ನೀರು ಕುಡಿದರೂ ಕಹಿ ಹೋಗಲಿಲ್ಲ. ಮಕ್ಕಳು ನುಂಗಬಾರದೆಂದು ಕಂಪನಿಯೇ ಕಾರ್ಡಿಗೆ ಡೆನಟೋನಿಯಂ ಬೆಂಜೊಯೇಟ್ ಎಂಬ ಅತಿ ಕಹಿಯ ಪದಾರ್ಥ ಲೇಪಿಸುತ್ತದೆ. ಆ ಮೇಲಿಂದ ಅವಳು ಕಾರ್ಡಿನ ಡಬ್ಬಿ ಮುಟ್ಟುವುದೇ ಎರಡು ಬೆರಳಿನಲ್ಲಿ.

ಐದನೆಯದು: ಸೆಕೆಂಡ್ ಹ್ಯಾಂಡ್ ಆದರೆ ಅರ್ಧ ಗಂಟೆ ಕೂತು ನೋಡಿ

ನಾನು ಮೊದಲ ಸ್ವಿಚ್ ಕೊಂಡದ್ದು ಬೆಂಗಳೂರಿನ ಒಂದು ಅಂಗಡಿಯಲ್ಲಿ, ಸೆಕೆಂಡ್ ಹ್ಯಾಂಡ್. ಅಲ್ಲಿ ಕೈಯಲ್ಲಿ ಆಡಿ ನೋಡಿದೆ, ಚೆನ್ನಾಗಿತ್ತು. ಶಿವಮೊಗ್ಗಕ್ಕೆ ಬಂದು ಡಾಕ್‌ನಲ್ಲಿ ನಿಲ್ಲಿಸಿದರೆ ಟಿವಿ ಕಪ್ಪಗೇ ಇತ್ತು. ಎಚ್‌ಡಿಎಂಐ ಕೇಬಲ್ ಬದಲಾಯಿಸಿದೆ, ಟಿವಿಯ ಬೇರೆ ಪೋರ್ಟಿಗೆ ಹಾಕಿದೆ, ರಾತ್ರಿ ಹನ್ನೊಂದರವರೆಗೆ ಒದ್ದಾಡಿದೆ. ಡಾಕ್‌ನ ಮುಂದಿನ ಪುಟ್ಟ ಹಸಿರು ದೀಪ ಹತ್ತಲೇ ಇಲ್ಲ. ಮರುದಿನ ಅಡಾಪ್ಟರ್ ತಿರುವಿ ಓದಿದಾಗ ಗೊತ್ತಾಯಿತು, ಅಂಗಡಿಯವರು ಹಾಕಿಕೊಟ್ಟದ್ದು ಮೊಬೈಲ್ ಚಾರ್ಜರ್. ಟಿವಿಗೆ ಕೊಡಲು ಹಳೆಯ ಸ್ವಿಚ್ ಡಾಕ್‌ಗೆ 15 ವೋಲ್ಟ್ ಬೇಕು. ಮೂಲ ಅಡಾಪ್ಟರ್ ಮೇಲೆ 15 ವೋಲ್ಟ್, 2.6 ಆಂಪ್ ಎಂದು ಅಚ್ಚಾಗಿರುತ್ತದೆ. ಮೊಬೈಲ್ ಚಾರ್ಜರ್‌ನಲ್ಲಿ ಬ್ಯಾಟರಿ ತುಂಬುತ್ತದೆ, ಟಿವಿ ಬರುವುದಿಲ್ಲ. ಅದಕ್ಕಾಗಿ ಮತ್ತೊಮ್ಮೆ ಬೆಂಗಳೂರಿಗೆ ಹೋಗಬೇಕಾಯಿತು. ಸ್ವಿಚ್ 2ರ ಡಾಕ್‌ಗಂತೂ ಹಳೆಯ ಸ್ವಿಚ್‌ನ ಅಡಾಪ್ಟರ್ ಕೂಡ ಸಾಲದು, ಅದರದೇ 60 ವ್ಯಾಟ್‌ನದು ಬೇಕು.

ಹಾಗಾಗಿ ಮೊದಲು ಅಡಾಪ್ಟರ್ ಓದಿ. ಅಂಗಡಿಯ ಟಿವಿಗೆ ಜೋಡಿಸಿ ತೋರಿಸಲು ಹೇಳಿ, ಹಸಿರು ದೀಪ ನೋಡಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಕಂಟ್ರೋಲರ್ ವಿಭಾಗಕ್ಕೆ ಹೋಗಿ, ಹೆಬ್ಬೆರಳಿನಿಂದ ತಿರುಗಿಸುವ ಕಡ್ಡಿಗಳ ಪರೀಕ್ಷೆ ತೆರೆಯಿರಿ. ಕೈ ಬಿಟ್ಟಾಗ ಗುರುತು ನಡುವಿನಲ್ಲಿ ನಿಲ್ಲಬೇಕು. ತಾನಾಗಿ ಒಂದು ಕಡೆ ಜಾರುತ್ತಿದ್ದರೆ ಅದೇ ಡ್ರಿಫ್ಟ್. ಜಾಯ್-ಕಾನ್‌ಗಳ ಈ ದೋಷ ಜಗತ್ತಿಗೇ ಗೊತ್ತಿರುವಂಥದ್ದು. 2020ರಲ್ಲಿ ಕಂಪನಿಯ ಅಧ್ಯಕ್ಷರೇ ಕ್ಷಮೆ ಕೇಳಿದ್ದರು. ಕಡ್ಡಿಯ ಬಿಡಿಭಾಗ ಬದಲಾಯಿಸಬಹುದು, ಮೊಬೈಲ್ ರಿಪೇರಿ ಮಾಡುವ ಕೈಗೆ ಅದು ಅಸಾಧ್ಯವಲ್ಲ. ಆ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ.

ಮಾಮೂಲಿ ಸ್ವಿಚ್ ಆದರೆ ಅದು 2019ರ ಸುಧಾರಿತ ಮಾಡೆಲ್ಲೇ ಎಂದು ನೋಡಿ. ಮೊದಲಿನದು ಒಂದು ಚಾರ್ಜಿಗೆ 2.5ರಿಂದ 6.5 ಗಂಟೆ ಬರುತ್ತಿತ್ತು, ಸುಧಾರಿತದ್ದು 4.5ರಿಂದ 9 ಗಂಟೆ. ಕರೆಂಟು ಕೈಕೊಡುವ ನಮ್ಮ ಕಡೆ ಈ ವ್ಯತ್ಯಾಸ ಸಣ್ಣದಲ್ಲ. ಸುಧಾರಿತದ್ದರ ಡಬ್ಬಿಯ ಹಿನ್ನೆಲೆ ಪೂರ್ತಿ ಕೆಂಪು. ಸೀರಿಯಲ್ ಸಂಖ್ಯೆ ಎಕ್ಸ್, ಕೆ, ಡಬ್ಲ್ಯು ಅಕ್ಷರಗಳಿಂದ ಶುರುವಾಗುತ್ತದೆ. ಹಳೆಯದು ಎಕ್ಸ್, ಎ, ಡಬ್ಲ್ಯು.

ಕೊನೆಗೆ ಯಂತ್ರವನ್ನು ವೈಫೈಗೆ ಹಾಕಿ ಆನ್‌ಲೈನ್ ಅಂಗಡಿ ತೆರೆಯುತ್ತದೆಯೇ ನೋಡಿ. ಕದ್ದ ಆಟಗಳನ್ನು ಹಾಕಿ ಆಡಿಸಿದ ಯಂತ್ರವನ್ನು ಕಂಪನಿ ತನ್ನ ಆನ್‌ಲೈನ್ ಸೇವೆಯಿಂದ ಶಾಶ್ವತವಾಗಿ ಹೊರಗಿಟ್ಟಿರಬಹುದು. "ಐನೂರು ಗೇಮ್ ಫ್ರೀ ಹಾಕಿಕೊಟ್ಟಿದೀವಿ" ಎನ್ನುವವರಿಂದ ದೂರ ಇರಿ. ಅದು ಆಟ ಮಾಡಿದವರ ಶ್ರಮದ ಕಳವು, ನಿಮ್ಮ ಯಂತ್ರಕ್ಕೂ ಅಪಾಯ. ಹಿಂದಿನವರ ಖಾತೆಯನ್ನು ನಿಮ್ಮ ಎದುರೇ ಅಳಿಸಿಸಿ. ಭಾರತದಲ್ಲಿ ಕಂಪನಿಯ ವಾರಂಟಿ ಇಲ್ಲದ್ದರಿಂದ ಅಂಗಡಿಯವರು ಬಾಯಲ್ಲಿ ಹೇಳುವ ಗ್ಯಾರಂಟಿಯನ್ನು ಬಿಲ್ಲಿನ ಮೇಲೆ ಬರೆಸಿ, ಸೀಲು ಹಾಕಿಸಿ.

ಆರನೆಯದು: ಕರೆಂಟು, ಸಿಡಿಲು, ಮಳೆ

ಇನ್ವರ್ಟರ್ ಇರುವ ಮನೆಗೆ ಹಳೆಯ ಸ್ವಿಚ್ ಭಾರವೇ ಅಲ್ಲ. ಅದರ ಅಡಾಪ್ಟರ್ ಎಷ್ಟೇ ಎಳೆದರೂ 39 ವ್ಯಾಟ್ ದಾಟುವುದಿಲ್ಲ. ಮೊದಲ ಪ್ಲೇಸ್ಟೇಷನ್ 5ರ ಪವರ್ ಸಪ್ಲೈ 350 ವ್ಯಾಟ್‌ನದು, ಹೋಲಿಸಿ ನೋಡಿ. ಇನ್ವರ್ಟರ್ ಇಲ್ಲದಿದ್ದರೂ ಬ್ಯಾಟರಿ ಇದೆ. 10,000 ಎಂಎಎಚ್ ಪವರ್ ಬ್ಯಾಂಕ್, ಪಿಡಿ ಎಂದು ಬರೆದಿರುವಂಥದ್ದು, ಹಳೆಯ ಸ್ವಿಚ್ಚನ್ನು ಒಂದೂವರೆ ಸಲ ತುಂಬುತ್ತದೆ. ಆಷಾಢದಲ್ಲಿ ಕರೆಂಟು ಹೋಗಿ ಎರಡನೇ ದಿನದ ಸಂಜೆ, ಹೊರಗೆ ಜಡಿಮಳೆ, ಒಳಗೆ ಮಕ್ಕಳು ಒಂದೇ ಪರದೆಯ ಮುಂದೆ ತಲೆ ತಾಗಿಸಿ ಕೂತಿರುವುದನ್ನು ನಾನು ನೋಡಿದ್ದೇನೆ. ಕೊಟ್ಟ ದುಡ್ಡಿನ ಬೆಲೆ ನನಗೆ ಕಂಡದ್ದು ಆ ಸಂಜೆಯೇ.

ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಕೇಳಿದ ಕೂಡಲೇ ಯಂತ್ರವನ್ನು ಡಾಕ್‌ನಿಂದ ತೆಗೆಯಿರಿ. ಪ್ಲಗ್ ಕಿತ್ತರೆ ಸಾಲದು. ಡಿಶ್ ಕೇಬಲ್ಲಿನಿಂದ ಟಿವಿಗೆ, ಟಿವಿಯಿಂದ ಎಚ್‌ಡಿಎಂಐ ಮೂಲಕ ಡಾಕ್‌ಗೆ ಸಿಡಿಲಿನ ಹೊಡೆತ ದಾಟಬಹುದು. ಎಚ್‌ಡಿಎಂಐ ಕೂಡ ಬಿಡಿಸಿ.

ತೇವಕ್ಕೆ ಇದಕ್ಕಿಂತ ಹೆಚ್ಚು ಗಮನ ಬೇಕು. ಈ ಯಂತ್ರ ನಡೆಯಬೇಕಾದ ವಾತಾವರಣವೆಂದು ಕಂಪನಿ ಹೇಳುವುದು 5ರಿಂದ 35 ಡಿಗ್ರಿ, ಗಾಳಿಯ ತೇವ ನೂರಕ್ಕೆ 20ರಿಂದ 80. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆಯ ಸುತ್ತ, ಜುಲೈನಲ್ಲಿ ಚಪ್ಪಲಿಗೂ ಪುಸ್ತಕಕ್ಕೂ ಬೂಷ್ಟು ಹಿಡಿಯುವ ಮನೆಗಳಲ್ಲಿ, 80 ದಾಟುವುದು ದಿನದ ಮಾತು. ಯಂತ್ರದೊಳಗೆ ಫ್ಯಾನ್ ಇದೆ, ಅದು ಆ ಗಾಳಿಯನ್ನೇ ಎಳೆಯುತ್ತದೆ. ಅದಕ್ಕೇ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಇದಕ್ಕೆಂದೇ ಇಡಿ, ಒಳಗೆ ನಾಲ್ಕೈದು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಆಡಿದ ತಕ್ಷಣ ಬಿಸಿಯಿದ್ದಾಗ ಮುಚ್ಚಬೇಡಿ, ಅರ್ಧ ಗಂಟೆ ಆರಲಿ. ನೀಲಿ ಹರಳು ಗುಲಾಬಿಯಾದರೆ ಹೊಸ ಪೊಟ್ಟಣ ಹಾಕಿ. ಆ ಬಣ್ಣ ವಿಷ, ಅಡುಗೆಯ ಬಾಣಲೆಯಲ್ಲಿ ಹುರಿದು ಒಣಗಿಸಲು ಹೋಗಬೇಡಿ. ಬಚ್ಚಲ ಒಲೆಯ ಹತ್ತಿರ ಬೆಚ್ಚಗಿರುತ್ತದೆಂದು ಅಲ್ಲಿ ಇಡುವವರಿದ್ದಾರೆ. ಹೊಗೆ, ಮಸಿ, ಹಬೆ ಮೂರೂ ಸೇರಿ ಫ್ಯಾನಿಗೆ ಅಂಟುತ್ತದೆ, ಬೇಡ. ಪರೀಕ್ಷೆಯ ಕಾಲದಲ್ಲಿ ಬೀರುವಿಗೆ ಸೇರಿಸಿದರೂ ಆರು ತಿಂಗಳಿಗೊಮ್ಮೆ ತಪ್ಪದೆ ಚಾರ್ಜ್ ಮಾಡಿ, ಇಲ್ಲದಿದ್ದರೆ ಬ್ಯಾಟರಿ ಎಚ್ಚರವಾಗದೇ ಹೋಗಬಹುದು.

ಯಾರಿಗೆ ಇದು ಬೇಡ

ಕ್ರಿಕೆಟ್, ಫುಟ್‌ಬಾಲ್, ದೊಡ್ಡ ಯುದ್ಧದ ಆಟಗಳನ್ನು ದೊಡ್ಡ ಟಿವಿಯಲ್ಲೇ ಆಡಬೇಕೆನ್ನುವ ಯುವಕರಿಗೆ ಪ್ಲೇಸ್ಟೇಷನ್ 5 ಒಳ್ಳೆಯದು. 2021ರ ಫೆಬ್ರುವರಿಯಲ್ಲಿ 49,990ಕ್ಕೆ ಅಧಿಕೃತವಾಗಿಯೇ ಭಾರತಕ್ಕೆ ಬಂತು, ಇಲ್ಲಿನ ವಾರಂಟಿ ಸಿಗುತ್ತದೆ. ಕಂಪ್ಯೂಟರ್ ಆಟಗಳನ್ನೇ ಕೈಯಲ್ಲಿ ಹಿಡಿದು ಆಡಬೇಕೆಂದರೆ ಏಸಸ್ ರಾಗ್ ಅಲೈ ಥರದವು ಇವೆ, ಅದು 2023ರಲ್ಲಿ 69,990ಕ್ಕೆ ಬಂತು. ಅದರ ಬೆಲೆಯೂ ಬ್ಯಾಟರಿಯೂ ಮಕ್ಕಳ ಮನೆಗೆ ಹೊಂದುವುದಿಲ್ಲ.

ಅಕ್ಕನ ಮನೆಯವರು ಕೊನೆಗೆ ಆರಿಸಿದ್ದು ಬಿಲ್ಲಿದ್ದ ಸೆಕೆಂಡ್ ಹ್ಯಾಂಡ್ ಓಎಲ್ಇಡಿ ಮತ್ತು ಎರಡು ಕಾರ್ಡ್. ಹಾಳೆಯಲ್ಲಿ ಉಳಿದ ದುಡ್ಡನ್ನು ಅಕ್ಕ ಮುಂದಿನ ವರ್ಷದ ಆಟಕ್ಕೆಂದು ಎತ್ತಿಟ್ಟಳು. ಅಳಿಯ ಡಬ್ಬಿ ಬಿಚ್ಚಿ ರಟ್ಟನ್ನು ಒಲೆಗೆ ಹಾಕಲು ಹೊರಟಿದ್ದ. "ತಡಿಯೋ, ಅದನ್ನ ಸುಡಬೇಡ" ಅಂದೆ. "ಎಂತಕ್ಕೆ ಮಾವ?" ಅಂದ. ಮಾರುವ ದಿನ ಡಬ್ಬಿ, ಬಿಲ್ಲು, ಮೂಲ ಅಡಾಪ್ಟರ್ ಮೂರೂ ಇದ್ದರೆ ಕೊಳ್ಳುವವರು ಚೌಕಾಸಿ ಮಾಡುವುದು ಕಡಿಮೆ ಎಂದು ಹೇಳಿದೆ. ಬಿಲ್ಲನ್ನು ಡಬ್ಬಿಯೊಳಗೆ ಇಟ್ಟು, ಡಬ್ಬಿಯನ್ನು ಗೊಬ್ಬರದ ಹೊಸ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬಾಯಿ ಕಟ್ಟಿ, ಅವನೇ ಏಣಿ ಹತ್ತಿ ಅಟ್ಟದ ಮೇಲಿಟ್ಟು ಬಂದ.